ಉಕ್ಕಿನ ಕೊಳವೆ ಯಾವ ಭಾಷೆಯಲ್ಲಿ ಸೀಳುತ್ತದೆ, ಸ್ವಾಮಿ?

ಬೆಂಗಳೂರಿನ ಮೆಜೆಸ್ಟಿಕ್‌ನಲ್ಲೋ ಹುಬ್ಬಳ್ಳಿಯ ಚಹಾದಂಗಡಿಯಲ್ಲೋ ನಿಂತು ಈ ಹಾಳೆ ಬಿಡಿಸುತ್ತಿರುವ ಕನ್ನಡದ ತರುಣನೇ, ತರುಣಿಯೇ! ಇವತ್ತು ನಾಮಫಲಕದ ಮಾತು ಬೇಡ. ಬ್ಯಾಂಕಿನ ಚಲನ್ನಿನ ಮಾತೂ ಬೇಡ. ಇವತ್ತು ಒಂದು ಕೊಳವೆಯ ಮಾತು ಆಡೋಣ. ಉಕ್ಕಿನ ಕೊಳವೆ. ಒಳಗೆ ಕೆಂಡದಂಥ ನೀರು. ಅದು ಇರುವುದು ಕಾರವಾರ ತಾಲ್ಲೂಕಿನ ಕೈಗಾದಲ್ಲಿ, ಕಾಳಿ ನದಿಯ ದಂಡೆಯಲ್ಲಿ, ನಿನ್ನ ನನ್ನ ನೆಲದಲ್ಲಿ. ಆ ಕೊಳವೆಯಲ್ಲಿ ನಾಳೆ ಒಂದು ಸೀಳು ಕಂಡರೆ ಅದರ ಸುದ್ದಿ ನಿನಗೆ ಯಾವ ಭಾಷೆಯಲ್ಲಿ ಬರುತ್ತದೆ? ಬರುತ್ತದೆಯೇ?

‘ಕನ್ನಡ ಹೋರಾಟದ ಪತ್ರಿಕೆಯಲ್ಲಿ ಇದೇನಪ್ಪಾ ಲೋಹದ ಪಾಠ’ ಎಂದು ಹುಬ್ಬು ಗಂಟಿಕ್ಕಬೇಡ. ಪೂರ್ತಿ ಓದು. ಆಮೇಲೆ ಬೈಯುವುದಿದ್ದರೆ ಬೈಯಿ.

ತುಕ್ಕು ಬಡಾಯಿಕೋರ, ಸೀಳು ಕಳ್ಳ

ನಾನು ಘೋಡಗೇರಿ ಕಡೆಯವನು. ಗೋಕಾಕ, ಮೂಡಲಗಿ, ಹುಕ್ಕೇರಿಗಳ ನಡುವಿನ ಕಬ್ಬಿನ ಸೀಮೆ ನಮ್ಮದು. ಕರೆಂಟು ನಮಗೆ ಹೊಸದಲ್ಲ. ದೇಶದ ಬಹುಪಾಲು ಊರುಗಳು ಕಂದೀಲು ಹಚ್ಚಿಕೊಂಡು ಕೂತಿದ್ದಾಗ, 1887ರಲ್ಲೇ, ಗೋಕಾಕ ಜಲಪಾತದ ನೀರಿನಿಂದ ವಿದ್ಯುತ್ತು ತೆಗೆದ ನೆಲ ಇದು. ಬಾಯ್ಲರೂ ನಮಗೆ ಹೊಸದಲ್ಲ. ಸುತ್ತ ಸಕ್ಕರೆ ಕಾರ್ಖಾನೆಗಳು. ಹಂಗಾಮು ಶುರುವಾಯಿತೆಂದರೆ ಹಗಲೂ ರಾತ್ರಿ ಉಗಿ.

ಅಂಥದೊಂದು ಕಾರ್ಖಾನೆಯ ಬಾಯ್ಲರ್ ಮನೆಯಲ್ಲಿ ಆಯುಷ್ಯ ಸವೆಸಿದ ಹಿರಿಯರೊಬ್ಬರು ನನಗೆ ಒಂದು ಮಾತು ಹೇಳಿದ್ದರು. ‘ತಮ್ಮಾ, ತುಕ್ಕು ಅಂದ್ರ ಬಡಾಯಿಕೋರ. ಬಂದದ್ದು ಊರಿಗೆಲ್ಲಾ ಕಾಣ್ತೈತಿ. ಸೀಳು ಅಂದ್ರ ಕಳ್ಳ. ಬಂದು ಹೋದ ಮ್ಯಾಲೆ ಗೊತ್ತಾಗತೈತಿ.’ ಆತ ಇಂಜಿನಿಯರಿಂಗ್ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ. ಆದರೆ ಲೋಹದ ಪ್ರೊಫೆಸರುಗಳು ಇಡೀ ಪುಸ್ತಕ ಬರೆದು ಹೇಳುವುದನ್ನು ಎರಡು ಸಾಲಿನಲ್ಲಿ ಹೇಳಿದ್ದರು. ಹಳೆಯ ಕಾಲದ ರಿವೆಟ್ ಬಡಿದ ಬಾಯ್ಲರುಗಳಲ್ಲಿ ನೀರಿನ ಕ್ಷಾರ ರಿವೆಟ್ಟಿನ ಸಂದಿಯಲ್ಲಿ ಮಡುಗಟ್ಟಿ, ಉಕ್ಕನ್ನು ಒಳಗೊಳಗೇ ಸೀಳಿ, ಬಾಯ್ಲರುಗಳು ಸಿಡಿದ ಕಥೆ ಜಗತ್ತಿನ ಎಲ್ಲಾ ಕೈಗಾರಿಕಾ ದೇಶಗಳಲ್ಲೂ ಇದೆ. ಅದಕ್ಕೇ ಬ್ರಿಟಿಷರ ಕಾಲದಲ್ಲಿ, 1923ರಲ್ಲೇ, ಬಾಯ್ಲರಿಗೆಂದೇ ಒಂದು ಕಾಯ್ದೆ ಬಂತು. ತಪಾಸಣೆ ಆಗದೆ, ಪ್ರಮಾಣಪತ್ರ ಇಲ್ಲದೆ ಉಗಿ ಏರಿಸುವಂತಿಲ್ಲ.

ಕಬ್ಬಿನ ಬಾಯ್ಲರಿಗೆ ಈ ಕಥೆ. ಹಾಗಾದರೆ ಅಣುವಿನ ಬಾಯ್ಲರಿಗೆ?

ಬದುವಿನ ಜಗಳ

ಮೊದಲು ಉಕ್ಕು ಹೇಗೆ ಸೀಳುತ್ತದೆ ಎಂದು ತಿಳಿದುಕೋ. ಕಷ್ಟವೇನಿಲ್ಲ. ನಿನ್ನ ಅಜ್ಜ ಹೊಲ ಮಾಡಿದವನಾಗಿದ್ದರೆ ನಿನಗೆ ಅರ್ಧ ಗೊತ್ತೇ ಇದೆ.

ಉಕ್ಕು ಕಣ್ಣಿಗೆ ಒಂದೇ ತುಂಡಾಗಿ ಕಂಡರೂ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಹೊಲಗಳ ಹಾಗೆ ತುಂಡು ತುಂಡು ಹರಳುಗಳು. ಹರಳು ಹರಳುಗಳ ನಡುವೆ ಬದು. ಸ್ಟೇನ್‌ಲೆಸ್ ಸ್ಟೀಲ್ ತುಕ್ಕು ಹಿಡಿಯದಿರುವುದು ಅದರಲ್ಲಿರುವ ಕ್ರೋಮಿಯಂನಿಂದ. ನೂರಕ್ಕೆ ಸುಮಾರು 18 ಪಾಲು ಕ್ರೋಮಿಯಂ, 8 ಪಾಲು ನಿಕಲ್. ನಿನ್ನ ಮನೆಯ ತಟ್ಟೆ ಲೋಟವೂ ಬಹುಮಟ್ಟಿಗೆ ಅದೇ. ಆ ಕ್ರೋಮಿಯಂ ಉಕ್ಕಿನ ಮೈಮೇಲೆ ಕಣ್ಣಿಗೆ ಕಾಣದ ಒಂದು ಪೊರೆ ಕಟ್ಟಿ ಕಾಯುತ್ತದೆ.

ಈಗ ಎರಡು ಕೊಳವೆಗಳನ್ನು ಬೆಸುಗೆ ಹಾಕು. ಬೆಸುಗೆಯ ಪಕ್ಕದ ಪಟ್ಟಿ 500ರಿಂದ 800 ಡಿಗ್ರಿವರೆಗೆ ಕಾಯುತ್ತದೆ. ಆ ಕಾವಿನಲ್ಲಿ ಉಕ್ಕಿನೊಳಗಿನ ಇಂಗಾಲ ಬದುವಿಗೆ ಓಡಿಬಂದು, ಅಕ್ಕಪಕ್ಕದ ಕ್ರೋಮಿಯಂ ಕಸಿದುಕೊಂಡು ಕಾರ್ಬೈಡ್ ಆಗಿ ಕೂರುತ್ತದೆ. ಬದುವಿನ ಅಂಚಿನಲ್ಲಿ ಕ್ರೋಮಿಯಂ 12 ಪಾಲಿಗಿಂತ ಕೆಳಗಿಳಿಯುತ್ತದೆ. ಅಲ್ಲಿಗೆ ಕಾವಲುಗಾರನಿಲ್ಲದ ಬದು ಸಿದ್ಧವಾಯಿತು. ಹೊಲದ ನಡುವೆ ಬೆಳೆ ಚೆನ್ನಾಗಿಯೇ ಇದೆ, ಬದು ಮಾತ್ರ ಟೊಳ್ಳು!

ಇಷ್ಟಾದರೂ ಸೀಳು ಬರುವುದಿಲ್ಲ. ಅದಕ್ಕೆ ಮೂರು ಜನ ಒಟ್ಟಿಗೆ ಸೇರಬೇಕು. ಒಂದು, ಇಂಥ ಟೊಳ್ಳು ಬದುವಿನ ಲೋಹ. ಎರಡು, ಅದನ್ನು ಎಳೆಯುವ ಒತ್ತಡ. ಅದು ಒಳಗಿನ ನೀರಿನದಾಗಿರಬಹುದು, ಬೆಸುಗೆ ಆರುವಾಗ ಉಳಿದುಹೋದ ಬಿಗಿತವಾಗಿರಬಹುದು. ಮೂರು, ಕಚ್ಚುವ ನೀರು. ರಿಯಾಕ್ಟರಿನ ನೀರು ನಮ್ಮ ಕುಡಿಯುವ ನೀರಿಗಿಂತ ಎಷ್ಟೋ ಪಾಲು ಶುದ್ಧ. ಆದರೆ ವಿಕಿರಣದ ಹೊಡೆತಕ್ಕೆ ಆ ನೀರೇ ಒಡೆದು ಆಮ್ಲಜನಕ ಹುಟ್ಟುತ್ತದೆ. 280 ಡಿಗ್ರಿ ಮೀರಿದ ಬಿಸಿಯಲ್ಲಿ ಕಿಂಚಿತ್ ಆಮ್ಲಜನಕವೂ ಸಾಕು. ಮೂವರೂ ಸೇರಿದರೆ ಬದುವಿನ ಗುಂಟ ಕೂದಲೆಳೆಯಂಥ ಸೀಳು ಹರಿಯುತ್ತದೆ. ಹೊರಗೆ ತುಕ್ಕಿಲ್ಲ. ಕೊಳವೆ ಸವೆದಿಲ್ಲ. ಮೇಲೆ ಫಳಫಳ ಹೊಳಪು! ಇದಕ್ಕೆ ಒತ್ತಡ ತುಕ್ಕು ಸೀಳು ಎನ್ನೋಣ. ಮೂವರಲ್ಲಿ ಒಬ್ಬನನ್ನು ಹೊರಗೆ ಹಾಕಿದರೂ ಸೀಳು ನಿಲ್ಲುತ್ತದೆ. ಇಂಗಾಲ 0.03 ಪಾಲಿಗಿಂತ ಕಡಿಮೆ ಇರುವ ಉಕ್ಕು ಬಳಸು, ಬೆಸುಗೆಯ ಬಿಗಿತ ಸಡಿಲಿಸು, ನೀರಿಗೆ ಜಲಜನಕ ಬಿಟ್ಟು ಆಮ್ಲಜನಕ ಕೊಲ್ಲು. ಮದ್ದು ಇದೆ. ಮದ್ದು ಕೊಡಬೇಕಾದರೆ ಮೊದಲು ರೋಗ ಇದೆ ಎಂದು ಒಪ್ಪಿಕೊಳ್ಳಬೇಕು. ತಕರಾರು ಇರುವುದೇ ಅಲ್ಲಿ.

ಈ ರೋಗವನ್ನು ಜಗತ್ತು ಮೊದಮೊದಲು ಗುರುತಿಸಿದ್ದು ಎಲ್ಲಿ ಗೊತ್ತೇ? ನಮ್ಮ ದೇಶದ ಮಳೆಗಾಲದಲ್ಲಿ! ಬ್ರಿಟಿಷ್ ಸೈನ್ಯದ ಹಿತ್ತಾಳೆಯ ತೋಟಾಗಳು ಮುಂಗಾರಿನಲ್ಲಿ ಕೂತಲ್ಲೇ ಬಿರಿಯುತ್ತಿದ್ದವು. ಮಳೆಗಾಲದಲ್ಲಿ ಅವನ್ನು ಕುದುರೆ ಲಾಯಗಳಲ್ಲಿ ಇಡುತ್ತಿದ್ದರು. ಕುದುರೆಯ ಮೂತ್ರದ ಅಮೋನಿಯಾ, ಮಳೆಗಾಲದ ತೇವ, ತೋಟಾ ಮಾಡುವಾಗ ಹಿತ್ತಾಳೆಯಲ್ಲಿ ಉಳಿದ ಬಿಗಿತ ಮೂರೂ ಸೇರಿ ಸೀಳು. ಋತು ನೋಡಿಕೊಂಡು ಬರುವ ಸೀಳು ಎಂದೇ ಬಿಳಿಯರು ಅದಕ್ಕೆ ಹೆಸರಿಟ್ಟರು. ರೋಗ ಕಂಡದ್ದು ನಮ್ಮ ಮಳೆಯಲ್ಲಿ, ಹೆಸರು ಮಾತ್ರ ಅವರ ಬಾಯಲ್ಲಿ. ಹೇಗಿದೆ?

ಮುಚ್ಚಿಟ್ಟವರು, ಬಿಚ್ಚಿಟ್ಟವರು

ಈಗ ಲೋಕ ಸುತ್ತಿಕೊಂಡು ಬರೋಣ ಬಾ.

ಅಮೆರಿಕದ ಓಹಾಯೋ ರಾಜ್ಯದಲ್ಲಿ ಡೇವಿಸ್-ಬೆಸ್ ಎಂಬ ಅಣುಸ್ಥಾವರ. 2002ರ ಮಾರ್ಚ್‌ನಲ್ಲಿ ಅಲ್ಲಿನ ರಿಯಾಕ್ಟರ್ ಪಾತ್ರೆಯ ಮುಚ್ಚಳ ಪರೀಕ್ಷಿಸಿದವರು ಬೆಚ್ಚಿಬಿದ್ದರು. ಮುಚ್ಚಳದೊಳಗೆ ಹಾಯ್ದ ಕೊಳವೆಯೊಂದರಲ್ಲಿ ಇದೇ ಜಾತಿಯ ಸೀಳು. ಅದರಿಂದ ಜಿನುಗಿದ ಬೋರಿಕ್ ಆಮ್ಲದ ನೀರು ಸುಮಾರು 6 ಅಂಗುಲ ದಪ್ಪದ ಉಕ್ಕನ್ನು ತಿಂದು ತೇಗಿತ್ತು. ಉಳಿದದ್ದು ಒಳಮೈಗೆ ಹೊದಿಸಿದ ಒಂದು ಸೆಂಟಿಮೀಟರಿನಷ್ಟೂ ಇಲ್ಲದ ಸ್ಟೇನ್‌ಲೆಸ್ ಪದರ ಮಾತ್ರ. ಆ ತೆಳುಪದರವೇ ಅಷ್ಟೂ ಒತ್ತಡ ತಡೆದುಕೊಂಡು ನಿಂತಿತ್ತು! ಮುಚ್ಚಳದ ಮೇಲೆ ಕೆಂಪು ತುಕ್ಕಿನ ಧಾರೆ ಎರಡು ವರ್ಷ ಮೊದಲೇ ಫೋಟೋದಲ್ಲಿ ಕಂಡಿತ್ತು. ಆದರೂ ಓಡಿಸಿದರು. ನಿಯಂತ್ರಣ ಸಂಸ್ಥೆಗೆ ತಪ್ಪು ಮಾಹಿತಿ ಕೊಟ್ಟದ್ದಕ್ಕೆ ಕಂಪನಿ 2006ರಲ್ಲಿ 2 ಕೋಟಿ 80 ಲಕ್ಷ ಡಾಲರ್ ತೆತ್ತಿತು.

ಜಪಾನಿನ ಟೆಪ್ಕೋ ಕಂಪನಿ ರಿಯಾಕ್ಟರುಗಳ ಒಳಕವಚದ ಸೀಳುಗಳನ್ನು ದಾಖಲೆಯಲ್ಲಿ ವರ್ಷಾನುಗಟ್ಟಲೆ ಮುಚ್ಚಿಟ್ಟಿತ್ತು. ತಪಾಸಣೆಗೆ ಹೋಗಿದ್ದ ಒಬ್ಬ ಮನುಷ್ಯ ಬಾಯಿಬಿಟ್ಟ. 2002ರಲ್ಲಿ ಹಗರಣ ಸ್ಫೋಟಿಸಿತು. 2003ರ ಏಪ್ರಿಲ್ ಹೊತ್ತಿಗೆ ಕಂಪನಿಯ 17 ರಿಯಾಕ್ಟರುಗಳೂ ನಿಂತವು. ಅದೇ ಟೆಪ್ಕೋ, 2011ರಲ್ಲಿ ಫುಕುಶಿಮಾದ ಟೆಪ್ಕೋ. ಫುಕುಶಿಮಾ ಕೆಟ್ಟದ್ದು ಸುನಾಮಿಯಿಂದ, ಈ ಸೀಳಿನಿಂದಲ್ಲ. ಆದರೆ ಸೀಳು ಮುಚ್ಚಿಡುವ ಮನೆಯಲ್ಲಿ ಇನ್ನೇನೇನು ಮುಚ್ಚಿಟ್ಟಿರುತ್ತಾರೋ ಎಂಬ ಅನುಮಾನ ಜನಕ್ಕೆ ಬಂದರೆ ತಪ್ಪೇ?

ಅದೇ ಜಪಾನಿನ ಮಿಹಾಮಾ. 2004ರ ಆಗಸ್ಟ್ 9. ಬಿಸಿನೀರಿನ ಕೊಳವೆ ಒಡೆದು 5 ಜನ ಕೆಲಸಗಾರರು ಬೆಂದು ಸತ್ತರು. ಇದು ಸೀಳಿನ ರೋಗವಲ್ಲ, ಹರಿಯುವ ನೀರೇ ಉಕ್ಕನ್ನು ಸವೆಸುವ ರೋಗ, ಅದರ ಚಿಕ್ಕಪ್ಪನ ಮಗ ಎನ್ನು. 10 ಮಿಲಿಮೀಟರ್ ದಪ್ಪದ ಗೋಡೆ 1.4 ಮಿಲಿಮೀಟರಿಗೆ ಇಳಿದಿತ್ತು. ಸ್ಥಾವರ 1976ರಲ್ಲಿ ಶುರುವಾದ ದಿನದಿಂದ ಆ ಜಾಗವನ್ನು ಒಮ್ಮೆಯೂ ಅಳೆದಿರಲಿಲ್ಲ. ಪರೀಕ್ಷಿಸಬೇಕಾದ ಜಾಗಗಳ ಪಟ್ಟಿಯಲ್ಲೇ ಅದು ಬಿಟ್ಟುಹೋಗಿತ್ತು! ಪಟ್ಟಿಯಲ್ಲಿ ಒಂದು ಸಾಲು ಕಡಿಮೆ, ಊರಲ್ಲಿ ಐದು ಹೆಣ.

ಇನ್ನು ಫ್ರಾನ್ಸ್ ನೋಡು. 2021ರ ಕೊನೆಗೆ ಸಿವೋ ಎಂಬಲ್ಲಿನ ಸ್ಥಾವರದಲ್ಲಿ ಹತ್ತು ವರ್ಷಕ್ಕೊಮ್ಮೆ ಮಾಡುವ ತಪಾಸಣೆಯಲ್ಲಿ, ತುರ್ತಿನಲ್ಲಿ ನೀರು ನುಗ್ಗಿಸುವ ಕೊಳವೆಗಳ ಬೆಸುಗೆ ಬಳಿ ಇದೇ ಸೀಳು ಸಿಕ್ಕಿತು. ಅವರು ಒಂದಾದ ಮೇಲೊಂದು ರಿಯಾಕ್ಟರ್ ನಿಲ್ಲಿಸಿ ಕೊಳವೆ ಕತ್ತರಿಸಿ ನೋಡಿದರು. 2022ರಲ್ಲಿ ಆ ದೇಶದ ಅಣುವಿದ್ಯುತ್ತು ಮೂವತ್ತು ವರ್ಷಗಳಲ್ಲೇ ಕನಿಷ್ಠಕ್ಕೆ ಇಳಿಯಿತು. ಕಂಪನಿಗೆ ಭಾರೀ ನಷ್ಟವಾಯಿತು. ಆದರೆ ಯಾವ ಸ್ಥಾವರದಲ್ಲಿ ಏನು ಸಿಕ್ಕಿತು ಎಂದು ಅಲ್ಲಿನ ನಿಯಂತ್ರಣ ಸಂಸ್ಥೆ ಪ್ರಕಟಿಸುತ್ತಾ ಹೋಯಿತು. ಯಾವ ಭಾಷೆಯಲ್ಲಿ? ಫ್ರೆಂಚಿನಲ್ಲಿ ಸ್ವಾಮಿ, ಫ್ರೆಂಚಿನಲ್ಲಿ! ಸಿವೋದ ರೈತ ತನ್ನ ಪಕ್ಕದ ಸ್ಥಾವರದ ಸೀಳಿನ ಸುದ್ದಿಯನ್ನು ತನ್ನ ತಾಯಿನುಡಿಯಲ್ಲಿ ಓದಿದ. ಕೈಗಾದ ಪಕ್ಕದ ಹಳ್ಳಿಯವನಿಗೆ ಆ ಭಾಗ್ಯ ಬೇಡವೇ?

ತಾರಾಪುರದಿಂದ ಕೈಗಾಕ್ಕೆ

‘ಅದೆಲ್ಲ ಪರದೇಶದ ಮಾತು’ ಎನ್ನುವೆಯಾ? ಮನೆಗೇ ಬರೋಣ.

ಮಹಾರಾಷ್ಟ್ರದ ತಾರಾಪುರ. ಅಮೆರಿಕದ ಕಂಪನಿ ಕಟ್ಟಿಕೊಟ್ಟ, 1969ರಲ್ಲಿ ಶುರುವಾದ ನಮ್ಮ ದೇಶದ ಮೊದಲ ಅಣುವಿದ್ಯುತ್ ಸ್ಥಾವರ. ನೀರು ಪಾತ್ರೆಯಲ್ಲೇ ಕುದಿಯುವ ಜಾತಿ. ಹರಳಿನ ಬದುವಿನ ಸೀಳು ಹೆಚ್ಚಾಗಿ ಕಾಡುವುದೇ ಈ ಜಾತಿಯನ್ನು. 1970ರ ದಶಕದಲ್ಲಿ ಅಮೆರಿಕದಲ್ಲೂ ಇದೇ ಜಾತಿಯ ರಿಯಾಕ್ಟರುಗಳ ಕೊಳವೆಗಳು ಸಾಲುಸಾಲಾಗಿ ಸೀಳಿದ್ದವು. ತಾರಾಪುರದ ಮೊದಲ ಎರಡು ಘಟಕಗಳು 2020ರಲ್ಲಿ ನಿಂತವು. ನೀರನ್ನು ಸುತ್ತಿಸುವ ಕೊಳವೆಗಳನ್ನೇ ಬದಲಾಯಿಸುವ ಕೆಲಸಕ್ಕೆ ಕೈಹಾಕಬೇಕಾಯಿತು. ಐವತ್ತು ವರ್ಷದ ಕೊಳವೆ, ಆ ಬಿಸಿ, ಆ ನೀರು. ಉಕ್ಕಿಗೂ ಮುಪ್ಪು ಬರುತ್ತದೆ.

ಗುಜರಾತಿನ ಕಾಕ್ರಾಪಾರ. 2016ರ ಮಾರ್ಚ್ 11. ಮೊದಲ ಘಟಕದ ಒಂದು ಒತ್ತಡ ಕೊಳವೆ ಸೀಳಿ ಭಾರಜಲ ಸೋರಿತು. ಕೊಳವೆಯ ಹೊರಮೈಯನ್ನು ತುಕ್ಕು ತಿಂದಿತ್ತು. ಅದು ಉಕ್ಕಲ್ಲ, ಜಿರ್ಕೋನಿಯಂ ಮಿಶ್ರಲೋಹ. ಆದರೆ ಆ ಸ್ಥಾವರದ ಜಾತಿ ಯಾವುದು ಗೊತ್ತೇ? ನಮ್ಮ ಕೈಗಾದ ಜಾತಿಯೇ. ಭಾರಜಲದ ಒತ್ತಡ ರಿಯಾಕ್ಟರ್.

ಕೈಗಾದಲ್ಲಿ 4 ಘಟಕ, ತಲಾ 220 ಮೆಗಾವಾಟ್. ಮೊದಲೆರಡು 2000ದಲ್ಲಿ ಶುರುವಾದವು, ಮೂರನೆಯದು 2007ರಲ್ಲಿ, ನಾಲ್ಕನೆಯದು 2011ರಲ್ಲಿ. ಒಂದೊಂದರೊಳಗೆ 306 ಇಂಧನ ನಾಳಗಳು. ಪ್ರತಿ ನಾಳಕ್ಕೆ ನೀರು ತರುವ ಒಂದು, ಒಯ್ಯುವ ಒಂದು ಉಕ್ಕಿನ ಕೊಳವೆ. ಲೆಕ್ಕ ಹಾಕು: ಒಂದು ಘಟಕಕ್ಕೆ 612. ಇವಕ್ಕೆ ಫೀಡರ್ ಎನ್ನುತ್ತಾರೆ. ಕೈಗಾದ ಪರವಾಗಿ ವಾದಿಸುವವರು ಒಂದು ಮಾತು ಹೇಳುತ್ತಾರೆ: ತಾರಾಪುರದ ರೋಗ ಇಲ್ಲಿ ಬರುವುದಿಲ್ಲ, ಇಲ್ಲಿನ ಭಾರಜಲದಲ್ಲಿ ಆಮ್ಲಜನಕ ಅತಿ ಕಡಿಮೆ, ಲಿಥಿಯಂ ಬೆರೆಸಿ ಕ್ಷಾರವಾಗಿ ಇಡುತ್ತೇವೆ, ಫೀಡರ್ ಮಾಡಿರುವುದು ಸ್ಟೇನ್‌ಲೆಸ್ಸಿನಿಂದಲ್ಲ, ಕಾರ್ಬನ್ ಉಕ್ಕಿನಿಂದ. ಸರಿಯಾದ ಮಾತೇ. ನ್ಯಾಯವಾಗಿ ಒಪ್ಪಿಕೊಳ್ಳೋಣ.

ಆದರೆ ಅರ್ಧ ಹೇಳಿ ನಿಲ್ಲಿಸಬೇಡಿ ಸ್ವಾಮಿ! ಇನ್ನರ್ಧ ನಾವು ಹೇಳುತ್ತೇವೆ. ಇದೇ ಭಾರಜಲ ವಂಶದ ಕೆನಡಾದ ಪಾಯಿಂಟ್ ಲೆಪ್ರೋ ಸ್ಥಾವರದಲ್ಲಿ 1997ರಲ್ಲಿ ಫೀಡರ್ ಕೊಳವೆಯ ಬಾಗಿನಲ್ಲಿ ಸೀಳು ಕಂಡಿತು. 2001ರಲ್ಲಿ ಮತ್ತೆ ಕಂಡಿತು. ಸೀಳು ಒಂದು ಕಡೆಯಾದರೆ ಸವೆತ ಇನ್ನೊಂದು ಕಡೆ. ನಮ್ಮದೇ ದೇಶದ ರಾವತಭಾಟಾದ ಎರಡನೇ ಘಟಕದಲ್ಲಿ, ಕಲ್ಪಾಕ್ಕಂನಲ್ಲಿ, ನರೋರಾದಲ್ಲಿ ಫೀಡರುಗಳನ್ನು ಸಾರಾಸಗಟಾಗಿ ಕಿತ್ತು ಹೊಸದು ಹಾಕಬೇಕಾಯಿತು. ಕೈಗಾದ ಮೊದಲೆರಡು ಘಟಕಗಳಿಗೆ 2025ಕ್ಕೆ 25 ವರ್ಷ ತುಂಬಿತು. ಅವುಗಳ 1,224 ಫೀಡರುಗಳಲ್ಲಿ ಯಾವುದರ ಗೋಡೆ ಎಷ್ಟು ತೆಳುವಾಗಿದೆ? ಯಾವ ಬಾಗನ್ನು ಯಾವ ವರ್ಷ ಅಳೆದರು? ಏನು ಸಿಕ್ಕಿತು? ಇದು ಬಾಂಬಿನ ಗುಟ್ಟಲ್ಲ. ಕೊಳವೆಯ ದಪ್ಪ! ನಮ್ಮ ಕಬ್ಬಿನ ಬಾಯ್ಲರಿನ ಕೊಳವೆಗೆ ಕೇಳುವ ಪ್ರಶ್ನೆಯನ್ನೇ ಕೇಳುತ್ತಿದ್ದೇವೆ.

ಒಂದೇ ತಾರೀಕಿನ ಎರಡು ಕಥೆ

ಕೈಗಾದ ಬಗ್ಗೆ ಬರೀ ಕೆಟ್ಟದ್ದನ್ನೇ ಹೇಳುವುದು ನಮ್ಮ ಜಾಯಮಾನವಲ್ಲ. 2016ರ ಮೇ 13ರಂದು ಚಾಲೂ ಆದ ಮೊದಲ ಘಟಕ 2018ರ ಡಿಸೆಂಬರ್ 31ರವರೆಗೆ ಒಂದು ಕ್ಷಣವೂ ನಿಲ್ಲದೆ 962 ದಿನ ಓಡಿತು. ಅಂದಿಗೆ ಅದು ವಿಶ್ವದಾಖಲೆ. ಬ್ರಿಟನ್ನಿನ ಹೇಶಂ ಸ್ಥಾವರವನ್ನು ಹಿಂದಿಕ್ಕಿತು. ನಂತರ ಕೆನಡಾದ ಡಾರ್ಲಿಂಗ್ಟನ್ ಅದನ್ನೂ ಮುರಿಯಿತು. ಅಲ್ಲಿ ದುಡಿದವರಿಗೆ ಕೈಮುಗಿಯೋಣ. ಕನ್ನಡ ನೆಲದ ಹೆಮ್ಮೆ ಅದು, ಸಂಶಯವಿಲ್ಲ.

ಆದರೆ ಮೇ 13 ಎಂಬ ತಾರೀಕು ಇನ್ನೊಂದು ಕಥೆಯನ್ನೂ ಹೇಳುತ್ತದೆ. 1994ರ ಮೇ 13. ಕಟ್ಟುತ್ತಿದ್ದ ಅದೇ ಮೊದಲ ಘಟಕದ ಒಳಗುಮ್ಮಟದ ಕಾಂಕ್ರೀಟು ಕಳಚಿ ಬಿತ್ತು. ವಿಕಿರಣ ಹೊರಗೆ ಹೋಗದಂತೆ ತಡೆಯಬೇಕಾದ ಗುಮ್ಮಟ ಅದು! ರಿಯಾಕ್ಟರಿನಲ್ಲಿ ಇಂಧನ ಇರಲಿಲ್ಲ, ಬಚಾವಾದೆವು. ಆ ಹೊತ್ತಿನಲ್ಲಿ ಅಣುಶಕ್ತಿ ನಿಯಂತ್ರಣ ಮಂಡಳಿಯ ಅಧ್ಯಕ್ಷರಾಗಿದ್ದವರು ಎ. ಗೋಪಾಲಕೃಷ್ಣನ್. ಅವರ ಕಾಲದಲ್ಲೇ, 1995ರಲ್ಲಿ, ದೇಶದ ಅಣುಸ್ಥಾವರಗಳ ನೂರಮೂವತ್ತಕ್ಕೂ ಹೆಚ್ಚು ಸುರಕ್ಷತಾ ಸಮಸ್ಯೆಗಳನ್ನು ಪಟ್ಟಿ ಮಾಡಿದ ವರದಿ ಸಿದ್ಧವಾಯಿತು. ಆ ವರದಿ ಜನರ ಕೈಗೆ ಬಂತೇ? ಇಲ್ಲ. ಗೋಪ್ಯ! 1962ರ ಪರಮಾಣು ಶಕ್ತಿ ಕಾಯ್ದೆಯ 18ನೇ ಕಲಮು ಸರ್ಕಾರಕ್ಕೆ ಆ ಅಧಿಕಾರ ಕೊಟ್ಟಿತ್ತು.

962 ದಿನ ಎಂದರೆ ಎರಡು ವರ್ಷ ಏಳು ತಿಂಗಳಿಗೂ ಮಿಕ್ಕಿ. ರಿಯಾಕ್ಟರ್ ಓಡುತ್ತಿರುವಾಗ ಫೀಡರುಗಳ ಬಳಿ ಮನುಷ್ಯ ಕಾಲಿಡಲಾಗದು. ಹಾಗಾದರೆ ದಾಖಲೆ ಮುಗಿದು ಘಟಕ ನಿಂತಾಗ ಒಳಗೆ ಹೋಗಿ ನೋಡಿದವರಿಗೆ ಏನು ಕಂಡಿತು? ದಾಖಲೆಯ ಸುದ್ದಿ ಕನ್ನಡದ ಪತ್ರಿಕೆಗಳಲ್ಲಿ ಬಂತು. ತಪಾಸಣೆಯ ಸುದ್ದಿ ಯಾವ ಪುಟದಲ್ಲಿ ಓದಿದೆ, ನೆನಪಿಸಿಕೊಂಡು ಹೇಳು.

2009ರ ನವೆಂಬರ್ ನೆನಪಿದೆಯೇ? ಕೈಗಾದೊಳಗಿನ ಕುಡಿಯುವ ನೀರಿನ ಕೂಲರಿಗೆ ಟ್ರಿಟಿಯಂ ಇದ್ದ ಭಾರಜಲ ಬೆರೆತು ಹತ್ತಾರು ಕೆಲಸಗಾರರ ಮೈಸೇರಿತು. ಬೆರೆಸಿದ್ದು ಒಳಗಿನವರೇ ಎಂದರು. ಅದಿರಲಿ, ನಾನು ಕೇಳುವುದಿಷ್ಟೇ. ಗುತ್ತಿಗೆ ಕೂಲಿಯವನು ಆ ಬೇಲಿಯೊಳಗೆ ಹೋಗುವಾಗ ಅವನಿಗೆ ಅಪಾಯದ ಪಾಠ ಅವನ ಭಾಷೆಯಲ್ಲಿ ಆಗಬೇಕೋ, ಸಾಹೇಬರ ಭಾಷೆಯಲ್ಲೋ?

ಅವರ ಮೂರು ನೆಪ

ಈ ಪ್ರಶ್ನೆ ಎತ್ತಿದರೆ ಮೂರು ಉತ್ತರ ಬರುತ್ತವೆ. ಮೂರನ್ನೂ ಹಿಡಿದು ನೋಡೋಣ.

‘ಜನ ಹೆದರುತ್ತಾರೆ.’ ಹೆದರುವುದು ಗೊತ್ತಿಲ್ಲದವನು. ಗೊತ್ತಿದ್ದವನು ಎಚ್ಚರವಾಗಿರುತ್ತಾನೆ. ಕತ್ತಲಲ್ಲಿ ಹಗ್ಗವೂ ಹಾವು. ದೀಪ ಹಚ್ಚಿ, ಹಗ್ಗ ಹಗ್ಗವೇ ಆಗುತ್ತದೆ. ಹಾವಾಗಿದ್ದರೆ ಹಾವು ಎಂದು ಗೊತ್ತಾಗುತ್ತದೆ.

‘ಇದು ಅಭಿವೃದ್ಧಿ ವಿರೋಧ.’ ಏನಪ್ಪಾ, ಬಾಯ್ಲರಿಗೆ ಪ್ರಮಾಣಪತ್ರ ಕೇಳಿದವನು ಸಕ್ಕರೆಯ ವಿರೋಧಿಯೇ? 1989ರ ಲೋಕಸಭೆ ಚುನಾವಣೆಯಲ್ಲಿ ಶಿವರಾಮ ಕಾರಂತರು ತಮ್ಮ 87ನೇ ವಯಸ್ಸಿನಲ್ಲಿ ಉತ್ತರ ಕನ್ನಡದಿಂದ ನಿಂತದ್ದು ಕೈಗಾ ಬೇಡ ಎಂದು. ಅವರು ಸೋತರು. ಕೈಗಾ ಬಂತು. ಸರಿ, ಬಂದ ಮೇಲೆ ಅದು ನಮ್ಮದು. ಅದರ ವಿದ್ಯುತ್ತು ದಕ್ಷಿಣದ ರಾಜ್ಯಗಳಿಗೆಲ್ಲ ಹೋಗುತ್ತದೆ, ಅದರ ಕೊಳವೆಗಳು ಮಾತ್ರ ಇಲ್ಲೇ ಇರುತ್ತವೆ. ಅವು ಗಟ್ಟಿಯಾಗಿರಲಿ ಎಂದು ಕೇಳುವ ಹಕ್ಕು, ಕೈಗಾ ಬೇಕೆಂದವನಿಗೂ ಇದೆ, ಬೇಡವೆಂದವನಿಗೂ ಇದೆ.

‘ಇಂಥ ವಿಜ್ಞಾನಕ್ಕೆ ಕನ್ನಡದಲ್ಲಿ ಪದಗಳೇ ಇಲ್ಲ.’ ಆಹಾ! ಇಲ್ಲಿಯವರೆಗೆ ಓದಿದೆಯಲ್ಲ? ಹರಳು, ಬದು, ಬೆಸುಗೆ, ಬಿಗಿತ, ಪೊರೆ, ಸವೆತ, ಸೀಳು. ಯಾವುದು ಅರ್ಥವಾಗಲಿಲ್ಲ? ರಿಯಾಕ್ಟರ್, ಫೀಡರ್, ಕ್ರೋಮಿಯಂ ಎಂಬವನ್ನು ಹಾಗೇ ತೆಗೆದುಕೊಂಡೆವು. ಕನ್ನಡ ಅವನ್ನು ಜೀರ್ಣಿಸಿಕೊಳ್ಳುತ್ತದೆ, ಬಾಯ್ಲರನ್ನು ಜೀರ್ಣಿಸಿಕೊಂಡ ಹಾಗೆ. ಪದಗಳಿಗೆ ಬರವಿಲ್ಲ, ಹೇಳುವ ಮನಸ್ಸಿಗೆ ಬರ.

ಕಾನೂನಿನ ಮಾತಿಗೆ ಬರೋಣ. ಕೇಂದ್ರ ಸಂಸ್ಥೆಗಳ ಆಡಳಿತ ವರದಿಗಳು ಹಿಂದಿಯಲ್ಲೂ ಇಂಗ್ಲಿಷಿನಲ್ಲೂ ಇರಬೇಕು ಎನ್ನುತ್ತದೆ 1963ರ ಅಧಿಕೃತ ಭಾಷಾ ಕಾಯ್ದೆ. ಕನ್ನಡದ ಹೆಸರು ಅಲ್ಲಿಲ್ಲ. ಸ್ಥಾವರ ಕನ್ನಡ ನೆಲದಲ್ಲಿ, ವರದಿ ಹಿಂದಿಯಲ್ಲಿ! ಪರಿಸರ ಪರಿಣಾಮದ 2006ರ ನಿಯಮ ಸ್ಥಳೀಯ ಭಾಷೆಯಲ್ಲಿ ಕೊಡಬೇಕೆನ್ನುವುದು ಸಾರಾಂಶವನ್ನು ಮಾತ್ರ. ಅಂದರೆ ಹಬ್ಬದೂಟ ಅವರಿಗೆ, ಎಲೆ ತುದಿಯ ಉಪ್ಪು ನಮಗೆ. ಕೈಗಾಕ್ಕೆ ಇನ್ನೂ ಎರಡು ಘಟಕ ಸೇರಿಸುವ ಬಗ್ಗೆ 2018ರ ಡಿಸೆಂಬರ್‌ನಲ್ಲಿ ಜನರ ಅಹವಾಲು ಸಭೆ ನಡೆದಾಗಲೂ ಇದ್ದದ್ದು ಇದೇ ನಿಯಮ. ಸಾರಾಂಶ ಓದಿಕೊಂಡು ಹೋದವನು ಸಾವಿರಾರು ಪುಟ ಓದಿದವನ ಎದುರು ಏನು ವಾದ ಮಾಡಿಯಾನು?

ಆ ಹೊಸ ಘಟಕಗಳು ತಲಾ 700 ಮೆಗಾವಾಟಿನವು. ಒಂದೊಂದರಲ್ಲಿ 392 ನಾಳ. ಅಂದರೆ ಒಂದಕ್ಕೆ 784 ಫೀಡರು. 2025ರ ಡಿಸೆಂಬರ್‌ನಲ್ಲಿ ಸಂಸತ್ತು ಅಣುವಿದ್ಯುತ್ತಿಗೆ ಖಾಸಗಿ ಕಂಪನಿಗಳೂ ಬರಬಹುದೆಂಬ ಹೊಸ ಕಾಯ್ದೆಯನ್ನೂ ಒಪ್ಪಿತು. ಅದರ ಚುಟುಕು ಹೆಸರು ‘ಶಾಂತಿ’. ಶಾಂತಿ ಇರಲಿ, ಮೌನ ಬೇಡ. ಡೇವಿಸ್-ಬೆಸ್ ಕಂಪನಿಯದು, ಟೆಪ್ಕೋ ಕಂಪನಿಯದು ಎಂಬುದನ್ನು ಮರೆಯಬೇಡ. ಸರ್ಕಾರ ಗುಟ್ಟು ಮಾಡುವುದು ಪ್ರತಿಷ್ಠೆಗಾಗಿ, ಕಂಪನಿ ಗುಟ್ಟು ಮಾಡುವುದು ಲಾಭಕ್ಕಾಗಿ. ಉಕ್ಕಿಗೆ ಎರಡೂ ಒಂದೇ.

ನಮ್ಮ ಬೆನ್ನು ನಮಗೇಕೆ ಕಾಣದು?

ಈಗ ನಮ್ಮವರಿಗೇ ಒಂದು ಖಾರದ ಮಾತು. ಚಿಕ್ಕವನಿದ್ದಾಗ ಗೋಕಾಕ ಚಳವಳಿ ಎಂದರೆ ನಮ್ಮ ಗೋಕಾಕದ್ದೇ ಎಂದು ಎದೆ ಉಬ್ಬಿಸಿಕೊಂಡು ತಿರುಗಿದವನು ನಾನು. ಅದು ವಿ.ಕೃ. ಗೋಕಾಕರ ವರದಿಯ ಹೆಸರು ಎಂದು ತಿಳಿದದ್ದು ಆಮೇಲೆ. 1982ರಲ್ಲಿ ರಾಜಕುಮಾರ್ ಬೀದಿಗಿಳಿದಾಗ ನಾಡೇ ಎದ್ದು ನಿಂತಿತು. ಕನ್ನಡ ಮೊದಲ ಭಾಷೆಯಾಗಲಿ ಎಂದು ಕೇಳಿದ್ದು ಯಾತಕ್ಕೆ? ಬರೀ ಪದ್ಯ ಓದುವುದಕ್ಕೇ? ನಮ್ಮ ಬದುಕಿನ ಸಂಗತಿಗಳನ್ನೆಲ್ಲ ನಮ್ಮ ನುಡಿಯಲ್ಲಿ ತಿಳಿಯಬೇಕು, ಕೇಳಬೇಕು, ಗದರಿಸಬೇಕು ಎಂದಲ್ಲವೇ?

ಆದರೆ ನಾವು ಮಾಡಿದ್ದೇನು? ಬೋರ್ಡಿಗೆ ಮಸಿ ಬಳಿದೆವು. ನವೆಂಬರಿನಲ್ಲಿ ಬಾವುಟ ಕಟ್ಟಿದೆವು. ಅದೂ ಬೇಕು, ಬೇಡ ಎನ್ನಲಾರೆ. ಆದರೆ ಕೊಳವೆಯ ವರದಿ ಇಂಗ್ಲಿಷಿನಲ್ಲಿ ಬಂದಾಗ, ‘ಅದು ದೊಡ್ಡವರ ವಿಷಯ’ ಎಂದು ಪುಟ ತಿರುವಿದೆವು. ನಮ್ಮ ನುಡಿಗೂ ಅದೇ ಒತ್ತಡ ತುಕ್ಕು ಸೀಳು ಹಿಡಿದಿದೆ ಗೆಳೆಯಾ. ಹೊರಗೆ ಫಳಫಳ ಹೊಳಪು, ಸಂಭ್ರಮ, ಸನ್ಮಾನ. ಒಳಗೆ ಬದು ಟೊಳ್ಳು. ವಿಜ್ಞಾನ, ಕಾನೂನು, ಕಾರ್ಖಾನೆಗಳ ಬದುವಿನಲ್ಲಿ ಕನ್ನಡದ ಕ್ರೋಮಿಯಂ ಉಳಿದಿಲ್ಲ. ನಾವೇ ಬಿಟ್ಟುಕೊಟ್ಟೆವು.

ಹಾಗಾದರೆ ನೀನೇನು ಮಾಡಬೇಕು? ಕೇಳಿಸಿಕೋ.

ಒಂದು: 2005ರ ಮಾಹಿತಿ ಹಕ್ಕು ಕಾಯ್ದೆಯ 6ನೇ ಕಲಮಿನ ಪ್ರಕಾರ ಅರ್ಜಿಯನ್ನು ಆ ಪ್ರದೇಶದ ಅಧಿಕೃತ ಭಾಷೆಯಲ್ಲಿ ಬರೆಯಬಹುದು. ಕೇಂದ್ರದ ಕಚೇರಿಗೂ ಅಷ್ಟೇ. ಕನ್ನಡದಲ್ಲಿ ಬರೆ. ಕೈಗಾದ ಫೀಡರುಗಳ ದಪ್ಪ ಅಳೆದ ವರ್ಷ, ಸಿಕ್ಕ ಫಲಿತಾಂಶ, ಬದಲಾಯಿಸುವ ಯೋಜನೆ, ಮೂರೇ ಪ್ರಶ್ನೆ ಕೇಳು. ಗೋಪ್ಯ ಎನ್ನುವುದಾದರೆ, ಯಾಕೆ ಗೋಪ್ಯ ಎಂದು ಬರೆದು ಕೊಡಲಿ.

ಎರಡು: ಅದೇ ಕಾಯ್ದೆಯ 4ನೇ ಕಲಮು, ತಾವಾಗಿ ಪ್ರಕಟಿಸುವ ಮಾಹಿತಿಯಲ್ಲಿ ಸ್ಥಳೀಯ ಭಾಷೆಯನ್ನು ಗಮನದಲ್ಲಿಡಬೇಕು ಎನ್ನುತ್ತದೆ. ಅದನ್ನು ಹಿಡಿದು, ಕೈಗಾದ ಪ್ರತಿ ತಪಾಸಣೆಯ ಫಲಿತಾಂಶ ಕನ್ನಡದಲ್ಲಿ ಹೊರಬರಲಿ ಎಂದು ನಿನ್ನ ಶಾಸಕನನ್ನೂ ಸಂಸದನನ್ನೂ ಹಿಡಿದು ಕೇಳು. ವೋಟಿಗೆ ಬಂದಾಗ ಕನ್ನಡದಲ್ಲೇ ಬರುತ್ತಾರಲ್ಲ!

ಮೂರು: ಬೇಲಿಯೊಳಗೆ ಹೋಗುವ ಪ್ರತಿ ಗುತ್ತಿಗೆ ಕೂಲಿಗೆ ಅಪಾಯದ ಪಾಠ ಕನ್ನಡದಲ್ಲಿ ಆಗಲಿ, ಅಪಾಯದ ಫಲಕ ಕನ್ನಡದಲ್ಲಿ ಇರಲಿ ಎಂಬುದು ನಮ್ಮ ಸಂಘಟನೆಗಳ ಬೇಡಿಕೆಯ ಪಟ್ಟಿಯಲ್ಲಿ ಮೊದಲ ಸಾಲಾಗಲಿ. ಮಿಹಾಮಾದಲ್ಲಿ ಪಟ್ಟಿಯಿಂದ ಒಂದು ಸಾಲು ಬಿಟ್ಟುಹೋದದ್ದರ ಬೆಲೆ ಏನಾಯಿತು ಎಂದು ಓದಿದ್ದೀಯಲ್ಲ.

ನಾಲ್ಕು, ಇದು ನಿನಗೇ: ಇಂಜಿನಿಯರಿಂಗ್ ಓದುತ್ತಿದ್ದೀಯಾ? ಲೋಹಶಾಸ್ತ್ರ ಓದು. ಓದಿದ್ದನ್ನು ಕನ್ನಡದಲ್ಲಿ ಬರೆ. ಘೋಡಗೇರಿಯ ಕಬ್ಬಿನ ಗಾಡಿಯವನಿಗೆ ಅರ್ಥವಾಗುವ ಹಾಗೆ ಬರೆ. ನಾಳೆ ಕೈಗಾದ ತಪಾಸಣೆಯ ಯಂತ್ರ ಹಿಡಿದು ಒಳಗೆ ಹೋಗುವವನು ಕನ್ನಡದ ಹುಡುಗನಾಗಿರಲಿ, ಸೀಳು ಕಂಡರೆ ಸೀಳು ಎಂದು ಬರೆಯುವ ಹುಡುಗಿಯಾಗಿರಲಿ. ಉದ್ಯೋಗದಲ್ಲಿ ಪಾಲು ಕೇಳಿದರೆ ಸಾಲದು, ಅರಿವಿನಲ್ಲಿ ಪಾಲು ಕೇಳಬೇಕು.

ಘೋಡಗೇರಿಯಿಂದ ಕೈಗಾ ಕಾಗೆ ಹಾರಿದಂತೆ ಹೋದರೆ ಸುಮಾರು 150 ಕಿಲೋಮೀಟರು. ‘ನಿನಗ್ಯಾಕ ಬೇಕೋ ಆ ಕಾರವಾರದ ಕೊಳವಿ’ ಎಂದು ನಮ್ಮೂರಲ್ಲಿ ನನ್ನನ್ನು ಕೇಳಿದವರಿದ್ದಾರೆ. ನನ್ನ ಉತ್ತರ ಒಂದೇ. ನನ್ನ ಮನೆಯ ದೀಪ ಯಾವ ತಂತಿಯಿಂದ ಬಂತೆಂದು ಗೊತ್ತಿಲ್ಲ, ಆದರೆ ಆ ಕೊಳವೆಯ ಪಕ್ಕದಲ್ಲಿ ಮಲಗುವವರು ನನ್ನ ಭಾಷೆಯವರು. ಅವರು ನಿದ್ದೆ ಮಾಡಬೇಕು. ನಂಬಿಕೆಯಿಂದ ಮಾಡಬೇಕು, ಅಜ್ಞಾನದಿಂದಲ್ಲ.

ಉಕ್ಕಿಗೆ ಇಂಗ್ಲಿಷ್ ಬರುವುದಿಲ್ಲ, ಹಿಂದಿಯೂ ಬರುವುದಿಲ್ಲ. ಅದು ಸೀಳುವಾಗ ಯಾವ ಭಾಷೆಯಲ್ಲೂ ಸದ್ದು ಮಾಡುವುದಿಲ್ಲ. ಅದಕ್ಕೇ ಸದ್ದು ಮಾಡುವ ಕೆಲಸ ನಿನ್ನದು. ಕನ್ನಡದಲ್ಲಿ ಮಾಡು!